ಜೆರ್ಸಿ ಚಾವಣಿಗೇರಿತು, ಬಾಕಿ ಹಾಗೇ ಉಳಿಯಿತು: ಅಮೆರಿಕದ ಕಾಲೇಜು ಆಟಗಾರರ ಸನ್ಮಾನದ ಲೆಕ್ಕ

2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಂದು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. 'ಹೌಸ್' ಕೇಸು ಅಂತ ಅದು ಹೆಸರಾಗಿದೆ. ಅಮೆರಿಕದ ಕಾಲೇಜುಗಳು ಇನ್ನು ಮುಂದೆ ತಮ್ಮ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಈಗಾಗಲೇ ಆಡಿ ಹೋದವರಿಗೂ ಸುಮಾರು 280 ಕೋಟಿ ಡಾಲರ್ ಪರಿಹಾರ ಇದೆ, ಅದನ್ನು ಹತ್ತು ವರ್ಷಗಳಲ್ಲಿ ಹಂಚಬೇಕು. ಆದರೆ ಆ ಲೆಕ್ಕ ಶುರುವಾಗುವುದು 2016ರಿಂದ. ಅದಕ್ಕೂ ಮುಂಚೆ, ನೂರು ವರ್ಷಕ್ಕೂ ಜಾಸ್ತಿ ಕಾಲ, ಸ್ಟೇಡಿಯಂ ತುಂಬಿಸಿ, ಟಿವಿ ಹಕ್ಕುಗಳ ಬೆಲೆ ಏರಿಸಿ, ಕಾಲೇಜಿನ ಹೆಸರನ್ನು ದೇಶದ ತುಂಬಾ ಹಬ್ಬಿಸಿದವರಿಗೆ ಒಪ್ಪಂದದಲ್ಲಿ ಜಾಗ ಇಲ್ಲ. ಅವರ ಪಾಲಿಗೆ ಇರುವುದು ಸನ್ಮಾನ ಮಾತ್ರ.

ಈ ಸನ್ಮಾನ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಅಲ್ಲಿನ ಬಹುತೇಕ ಕಾಲೇಜುಗಳಿಗೆ ತಮ್ಮದೇ ಒಂದು ಹಾಲ್ ಆಫ್ ಫೇಮ್, ಅಂದರೆ ಸಾಧಕರ ಗೌರವ ಪಟ್ಟಿ, ಇದೆ. ಸಣ್ಣ ಊರಿನ ಸಣ್ಣ ಕಾಲೇಜಿನಲ್ಲೂ ಇರುತ್ತದೆ. ಆಟಗಾರರು ಕಾಲೇಜು ಬಿಟ್ಟು ಐದೋ ಹತ್ತೋ ವರ್ಷ ಕಳೆದ ಮೇಲೆ ಅವರ ಹೆಸರು ಸೂಚಿಸಬಹುದು, ಒಂದು ಸಮಿತಿ ಕೂತು ಆರಿಸುತ್ತದೆ. ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಹಳೆ ವಿದ್ಯಾರ್ಥಿಗಳೆಲ್ಲ ಕಾಲೇಜಿಗೆ ಬರುವ ಹೋಮ್‌ಕಮಿಂಗ್ ಇರುತ್ತದಲ್ಲ, ಸಾಮಾನ್ಯವಾಗಿ ಆಗಲೇ ರಾತ್ರಿ ಊಟ, ಭಾಷಣ, ಫಲಕ. ಮರುದಿನ ಫುಟ್‌ಬಾಲ್ (ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ಪಂದ್ಯದ ಮಧ್ಯಂತರದಲ್ಲಿ ಮೈದಾನಕ್ಕೆ ಕರೆದು ಹೆಸರು ಕೂಗುತ್ತಾರೆ. ತೀರಾ ದೊಡ್ಡ ಆಟಗಾರನಾದರೆ ಅವನ ಜೆರ್ಸಿಯನ್ನು ಒಳಾಂಗಣದ ಚಾವಣಿಗೆ ತೂಗು ಹಾಕುತ್ತಾರೆ, ಆ ನಂಬರನ್ನು ಮತ್ತೆ ಯಾರಿಗೂ ಕೊಡದಿರುವುದೂ ಉಂಟು. ಕೋಚ್ ಆದರೆ ಅಂಕಣಕ್ಕೆ ಅವರ ಹೆಸರು, ಇಲ್ಲವೇ ಕಂಚಿನ ಪ್ರತಿಮೆ.

ನನಗೆ ಈ ಪದ್ಧತಿ ನಿಜಕ್ಕೂ ಇಷ್ಟ. ಅದರಲ್ಲೂ ಸಣ್ಣ ಕಾಲೇಜುಗಳದ್ದು. ಅಲ್ಲಿ ಡಿವಿಷನ್ ತ್ರೀ ಅಂತ ಒಂದು ವರ್ಗ ಇದೆ, ಆ ಕಾಲೇಜುಗಳು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಬೆಳಗಿನ ಜಾವ ಎದ್ದು ಈಜಿ, ಓಡಿ, ಕುಸ್ತಿ ಆಡಿ, ಆಮೇಲೆ ಟೀಚರೋ ನರ್ಸೋ ಆಗಿ ಬದುಕು ಕಟ್ಟಿಕೊಂಡವರನ್ನು ಮೂವತ್ತು ವರ್ಷ ಬಿಟ್ಟು ಕರೆದು, ನೀನು ಮಾಡಿದ್ದು ನಮಗೆ ನೆನಪಿದೆ ಅನ್ನುವುದು ಒಳ್ಳೆಯ ಕೆಲಸ. ಟಿವಿ ಅವರನ್ನು ಯಾವತ್ತೂ ತೋರಿಸಲಿಲ್ಲ. ಅವರಿಂದ ಕಾಲೇಜು ದುಡ್ಡೂ ಮಾಡಲಿಲ್ಲ. ಅಲ್ಲಿ ಸನ್ಮಾನ ಅಂದರೆ ಬರೀ ಸನ್ಮಾನ, ಹಿಂದೆ ಬೇರೆ ಯಾವ ಲೆಕ್ಕವೂ ಇಲ್ಲ.

ತಕರಾರು ಇರುವುದು ದೊಡ್ಡ ಕಾಲೇಜುಗಳ ಬಗ್ಗೆ. ಅಲ್ಲಿ ಕೊಡಬೇಕಾದ ಸಂಬಳದ ಜಾಗದಲ್ಲಿ ಸನ್ಮಾನ ಕೊಟ್ಟರು.

ಎಡ್ ಒಬ್ಯಾನನ್ ಕಥೆ ನೋಡಿ. 1995ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಚಾಂಪಿಯನ್ ಆದಾಗ ಆ ಟೂರ್ನಿಯ ಅತ್ಯುತ್ತಮ ಆಟಗಾರ ಅವರೇ. ಮರುವರ್ಷ ಅವರ 31ನೇ ನಂಬರ್ ಜೆರ್ಸಿ ಚಾವಣಿಗೆ ಹೋಯಿತು. ವೃತ್ತಿಪರ ಆಟದಲ್ಲಿ ಅವರು ಜಾಸ್ತಿ ಕಾಲ ನಿಲ್ಲಲಿಲ್ಲ. ಲಾಸ್ ವೇಗಾಸ್‌ನಲ್ಲಿ ಕಾರು ಮಾರುವ ಕೆಲಸಕ್ಕೆ ಸೇರಿದರು. ಒಂದು ದಿನ ಸ್ನೇಹಿತರ ಮನೆಯಲ್ಲಿ ಆ ಸ್ನೇಹಿತರ ಮಗ ಆಡುತ್ತಿದ್ದ ವಿಡಿಯೊ ಗೇಮ್‌ನಲ್ಲಿ ತಮ್ಮನ್ನೇ ಕಂಡರು. ಹೆಸರು ಇರಲಿಲ್ಲ. ಆದರೆ ಅದೇ ತಂಡ, ಅದೇ 31, ಅದೇ ಬೋಳು ತಲೆ, ಅದೇ ಎಡಗೈ ಆಟ. ಗೇಮ್ ದುಡ್ಡಿಗೆ ಮಾರಾಟವಾಗುತ್ತಿತ್ತು, ಅದರಲ್ಲಿ ಆಡುವವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. 2009ರಲ್ಲಿ ಅವರು ಕೋರ್ಟಿಗೆ ಹೋದರು. 2014ರಲ್ಲಿ ಇದೇ ನ್ಯಾಯಾಧೀಶೆ ವಿಲ್ಕೆನ್ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಎನ್‌ಸಿಎಎ ಅಂದರೆ ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ. ಆಮೇಲೆ 2021ರಲ್ಲಿ ಸುಪ್ರೀಂ ಕೋರ್ಟ್ ಆಲ್ಸ್ಟನ್ ಕೇಸಿನಲ್ಲಿ ಒಮ್ಮತದಿಂದ ಆಟಗಾರರ ಪರ ತೀರ್ಪು ಕೊಟ್ಟಿತು, ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದಾಯಿತು, ಈಗ 2025ರ ಒಪ್ಪಂದ. ಈ ಸಾಲಿಗೆ ದೊಡ್ಡ ಬಾಗಿಲು ತೆರೆದದ್ದು ಒಬ್ಯಾನನ್. ಚಾವಣಿಯಲ್ಲಿ ಜೆರ್ಸಿ ತೂಗುತ್ತಿರುವ ಆಟಗಾರನೇ ತನ್ನ ಮುಖದ ಮೇಲಿನ ಹಕ್ಕಿಗಾಗಿ ಕೋರ್ಟಿಗೆ ಅಲೆಯಬೇಕಾಯಿತು ಅನ್ನುವುದನ್ನು ಒಂದು ನಿಮಿಷ ಯೋಚಿಸಿ.

ಕಾಲೇಜುಗಳು ಹೇಳುತ್ತಿದ್ದ ವಾದ ಹಳೆಯದು. ಇವರು ಮೊದಲು ವಿದ್ಯಾರ್ಥಿಗಳು, ಓದಿನ ಜೊತೆ ಆಡುತ್ತಾರೆ, ನೌಕರರಲ್ಲ. ಕೇಳಲು ಚೆನ್ನಾಗಿದೆ. ಇದರಿಂದ ಉಳಿತಾಯ ಆದದ್ದು ಏನು ಅಂತ ನೋಡಿದರೆ ಬೇಸರವಾಗುತ್ತದೆ. 1955ರಲ್ಲಿ ಕೊಲರಾಡೋದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಹೆಂಡತಿ ಕೇಳಿದರು. 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೊಡಲು ಬರುವುದಿಲ್ಲ ಅಂದಿತು. 1974ರಲ್ಲಿ ಟೆಕ್ಸಸ್‌ನ ಟಿಸಿಯು ವಿಶ್ವವಿದ್ಯಾಲಯದ ಪರ ಆಡುತ್ತಿದ್ದ ಕೆಂಟ್ ವಾಲ್ಡ್ರೆಪ್ ಅಲಬಾಮಾ ವಿರುದ್ಧದ ಪಂದ್ಯದಲ್ಲಿ ಕುತ್ತಿಗೆ ಮುರಿದುಕೊಂಡು ಜೀವನಪೂರ್ತಿ ಗಾಲಿಕುರ್ಚಿ ಹಿಡಿದರು. ಅವರೂ ಕೇಳಿದರು, ಮೊದಲು ಸಿಕ್ಕಂತಾಯಿತು, 2000ದಲ್ಲಿ ಕೋರ್ಟ್ ಅದನ್ನೂ ತಳ್ಳಿಹಾಕಿತು.

ಇನ್ನು 1983. ಕಾಲೇಜು ಬ್ಯಾಸ್ಕೆಟ್‌ಬಾಲ್ ಗೊತ್ತಿರುವವರಿಗೆ ಈ ವರ್ಷ ಹೇಳಿದರೆ ಸಾಕು. ನಾರ್ತ್ ಕ್ಯಾರೊಲಿನಾ ಸ್ಟೇಟ್ ತಂಡವನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಮಾರ್ಚ್‌ನಲ್ಲಿ ಶುರುವಾಗುವ ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ ಎದುರಿಗೆ ಹ್ಯೂಸ್ಟನ್, ಅದರಲ್ಲಿ ಮುಂದೆ ದೊಡ್ಡ ಹೆಸರು ಮಾಡಿದ ಒಲಾಜುವಾನ್, ಡ್ರೆಕ್ಸ್‌ಲರ್. 52-52 ಸಮ. ಕೊನೆ ಕ್ಷಣದಲ್ಲಿ ಡೆರೆಕ್ ವಿಟನ್‌ಬರ್ಗ್ ದೂರದಿಂದ ಎಸೆದ ಚೆಂಡು ಬುಟ್ಟಿ ಮುಟ್ಟಲಿಲ್ಲ, ಗಾಳಿಯಲ್ಲೇ ಅದನ್ನು ಹಿಡಿದ ಲೊರೆಂಜೊ ಚಾರ್ಲ್ಸ್ ಹಾಗೇ ಒಳಗೆ ತುರುಕಿದರು. ಗೆದ್ದರು. ಕೋಚ್ ಜಿಮ್ ವಾಲ್ವಾನೊ ಅಪ್ಪಿಕೊಳ್ಳಲು ಯಾರನ್ನೋ ಹುಡುಕುತ್ತ ಅಂಕಣದ ತುಂಬಾ ಓಡಾಡಿದ ದೃಶ್ಯ ಇವತ್ತಿಗೂ ಮಾರ್ಚ್ ಬಂತೆಂದರೆ ಟಿವಿಯಲ್ಲಿ ಬರುತ್ತದೆ. ಆ ಟೂರ್ನಿಯ ಆಕರ್ಷಣೆ ನಿಂತಿರುವುದೇ ಇಂಥ ದೃಶ್ಯಗಳ ಮೇಲೆ.

ಚಾರ್ಲ್ಸ್ ಆಮೇಲೆ ಬಾಡಿಗೆ ಬಸ್ಸಿನ ಡ್ರೈವರ್ ಆದರು. ಅದರಲ್ಲಿ ಕೀಳು ಏನೂ ಇಲ್ಲ, ಮರ್ಯಾದೆಯ ದುಡಿಮೆ. 2011ರ ಜೂನ್‌ನಲ್ಲಿ ರಾಲಿ ನಗರದಲ್ಲಿ ಬಸ್ ಅಪಘಾತಕ್ಕೀಡಾಗಿ 47ನೇ ವಯಸ್ಸಿಗೆ ತೀರಿಕೊಂಡರು. 2016ರಲ್ಲಿ ಉಳಿದ ಆಟಗಾರರನ್ನು ಒಬಾಮಾ ಶ್ವೇತಭವನಕ್ಕೆ ಕರೆದು ಗೌರವಿಸಿದರು. 2024ರಲ್ಲಿ ಆ ತಂಡದ ಹಲವರು ಎನ್‌ಸಿಎಎ ಮೇಲೆ ಕೇಸು ಹಾಕಿದರು. ನಾಲ್ಕು ದಶಕದಿಂದ ನಮ್ಮ ಆಟವನ್ನು ತೋರಿಸಿ ನೀವು ದುಡಿದಿದ್ದೀರಿ, ನಮಗೂ ಪಾಲು ಕೊಡಿ ಅನ್ನುವುದು ಅವರ ಬೇಡಿಕೆ. 2025ರ ಆಗಸ್ಟ್‌ನಲ್ಲಿ ಕೋರ್ಟ್ ವಜಾ ಮಾಡಿತು. ಕೇಳುವ ಕಾಲ ಮೀರಿ ಹೋಗಿದೆ ಅನ್ನುವುದು ಕೊಟ್ಟ ಕಾರಣಗಳಲ್ಲಿ ಒಂದು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ದೃಶ್ಯಕ್ಕೆ ಕಾಲ ಮೀರಿಲ್ಲವಲ್ಲ, ಅದು ಈಗಲೂ ಟಿವಿಯಲ್ಲಿ ಓಡುತ್ತಿದೆ.

ಕೋಚ್‌ಗಳ ವಿಷಯಕ್ಕೆ ಬಂದರೆ ಚಿತ್ರ ಪೂರ್ತಿ ಬೇರೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಅಂದರೆ ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಅಲಬಾಮಾದ ನಿಕ್ ಸೇಬನ್ ಅವರ ಸಂಬಳ 2023ರಲ್ಲಿ 1 ಕೋಟಿ 10 ಲಕ್ಷ ಡಾಲರ್ ದಾಟಿತ್ತು. ಅವರ ಪ್ರತಿಮೆಯೂ ಇದೆ, ಮೈದಾನಕ್ಕೆ ಅವರ ಹೆಸರೂ ಇದೆ. ಅವರು ಅರ್ಹರಲ್ಲ ಅಂತ ಯಾರೂ ಹೇಳಲಾರರು. ಆದರೆ ಆಟ ಒಂದೇ, ದಿನ ಒಂದೇ, ಒಬ್ಬರಿಗೆ ಸಂಬಳ ಮತ್ತು ಪ್ರತಿಮೆ ಎರಡೂ, ಇನ್ನೊಬ್ಬರಿಗೆ ಸ್ಕಾಲರ್‌ಶಿಪ್ ಮತ್ತು ಯಾವತ್ತೋ ಒಂದು ಫಲಕ.

ಹಾಗಂತ ಕೋಚ್‌ಗಳೆಲ್ಲ ಹಣದಲ್ಲಿ ತೇಲಿದವರಲ್ಲ. ಪ್ಯಾಟ್ ಸಮಿಟ್ 1974ರಲ್ಲಿ ಟೆನ್ನೆಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಹೊಣೆ ಹೊತ್ತಾಗ ಅವರಿಗೆ 22 ವರ್ಷ, ಸಂಬಳ ತಿಂಗಳಿಗೆ 250 ಡಾಲರ್. ತಂಡದ ಬಟ್ಟೆ ಒಗೆಯುವುದು ಅವರೇ, ವ್ಯಾನ್ ಓಡಿಸುವುದು ಅವರೇ. ಅಲ್ಲಿಂದ 1,098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ನಾನು ಅವರನ್ನು ಮೆಚ್ಚುವುದು ಇನ್ನೊಂದು ಕಾರಣಕ್ಕೆ. ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಪ್ರತಿಯೊಬ್ಬ ಹುಡುಗಿಯೂ ಪದವಿ ಮುಗಿಸಿದಳು. ಹಾಲ್ ಆಫ್ ಫೇಮ್ ಸಮಿತಿಗಳು ಕೋಚ್ ಹೆಸರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ ಅಂತ ನನ್ನ ಬಲವಾದ ಅಭಿಪ್ರಾಯ. ಆದರೆ ಅಳತೆ ಮಾಡುವುದು ಗೆಲುವನ್ನು. ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಹಾಲ್ ಆಫ್ ಫೇಮ್‌ಗೆ ಸೇರಬೇಕಾದರೆ ಕೋಚ್ ನೂರಕ್ಕೆ 60 ಪಂದ್ಯ ಗೆದ್ದಿರಬೇಕು ಅಂತ ನಿಯಮ ಇತ್ತು. ಫುಟ್‌ಬಾಲ್‌ನಲ್ಲಿ ಪಾಸ್ ಆಡುವ ರೀತಿಯನ್ನೇ ಬದಲಾಯಿಸಿದ ಮೈಕ್ ಲೀಚ್ 2022ರಲ್ಲಿ ತೀರಿಕೊಂಡಾಗ ಅವರ ಪ್ರಮಾಣ 59.6. ಅಷ್ಟಕ್ಕೇ ಹೊರಗೆ. ಕೊನೆಗೆ 2025ರಲ್ಲಿ ಮಿತಿಯನ್ನು 59.5ಕ್ಕೆ ಇಳಿಸಿದರು, 2027ರ ಆಯ್ಕೆಯಿಂದ ಅದು ಜಾರಿ.

ಬರೀ ಗೆಲುವನ್ನು ಎಣಿಸಿ ಸನ್ಮಾನಿಸಿದರೆ ಏನಾಗಬಹುದು ಅಂತ ಪೆನ್ ಸ್ಟೇಟ್ ನೋಡಿದೆ. ಜೋ ಪಟರ್ನೊ 409 ಪಂದ್ಯ ಗೆದ್ದ ಕೋಚ್, ಬದುಕಿದ್ದಾಗಲೇ ಪ್ರತಿಮೆ ನಿಂತಿತ್ತು. ಅವರ ಹಳೆಯ ಸಹಾಯಕ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದು 2012ರಲ್ಲಿ ಕೋರ್ಟಿನಲ್ಲಿ ಸಾಬೀತಾಯಿತು, ಪಟರ್ನೊ ಅದನ್ನು ಮುಚ್ಚಿಟ್ಟರು ಅನ್ನುವ ಆರೋಪ ಬಂತು, ಜುಲೈನಲ್ಲಿ ವಿಶ್ವವಿದ್ಯಾಲಯವೇ ಪ್ರತಿಮೆ ಇಳಿಸಿತು. ಎನ್‌ಸಿಎಎ 111 ಗೆಲುವುಗಳನ್ನು ಅಳಿಸಿತು, 2015ರಲ್ಲಿ ವಾಪಸ್ ಕೊಟ್ಟಿತು. ಗೆಲುವನ್ನು ಅಳಿಸುವುದು, ಮತ್ತೆ ಬರೆಯುವುದು, ಇಷ್ಟರಲ್ಲೇ ಇಡೀ ಚರ್ಚೆ ಮುಗಿದುಹೋಗುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಆ ಮಕ್ಕಳ ನೋವಿಗೂ ಸ್ಕೋರಿನ ಪಟ್ಟಿಗೂ ಏನು ಸಂಬಂಧ?

ಕಪ್ಪು ಆಟಗಾರರು, ಕೋಚ್‌ಗಳ ವಿಷಯದಲ್ಲಂತೂ ಸನ್ಮಾನ ಅನ್ನುವುದು ಹೆಚ್ಚು ಕಡಿಮೆ ತಡವಾದ ಕ್ಷಮಾಪಣೆಯೇ. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರಿಂದಲೇ ಜಾನ್ ಮೆಕ್‌ಲೆಂಡನ್ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಪಾಠ ಕಲಿತರು. ಆದರೆ ಅಲ್ಲಿನ ತಂಡದಲ್ಲಿ ಆಡುವಂತಿರಲಿಲ್ಲ, ಚರ್ಮದ ಬಣ್ಣ ಅಡ್ಡ ಬಂತು. ಕೋಚ್ ಆಗಿ ಟೆನ್ನೆಸಿ ಎ ಅಂಡ್ ಐ ತಂಡಕ್ಕೆ 1957, 58, 59 ಸತತ ಮೂರು ವರ್ಷ ಎನ್ಎಐಎ (ಸಣ್ಣ ಕಾಲೇಜುಗಳ ಕ್ರೀಡಾ ಸಂಸ್ಥೆ) ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. 1979ರಲ್ಲಿ ನೈಸ್ಮಿತ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು, ಆದರೆ ಕೋಚ್ ಅಂತ ಅಲ್ಲ, ಆಟಕ್ಕೆ ಕೊಡುಗೆ ಕೊಟ್ಟವರು ಅಂತ. ಕೋಚ್ ಅಂತ ಸೇರಿಸಿಕೊಂಡದ್ದು 2016ರಲ್ಲಿ. ಆಗ ಅವರು ತೀರಿಕೊಂಡು ವರ್ಷಗಳೇ ಆಗಿದ್ದವು. ಆ ಮೂರು ವರ್ಷದ ತಂಡ ಒಳಗೆ ಬರಲು 2019 ಆಗಬೇಕಾಯಿತು. ಅದೂ ತಾನಾಗಿ ಆದದ್ದಲ್ಲ. ತಂಡದ ಡಿಕ್ ಬಾರ್ನೆಟ್, ಮುಂದೆ ನ್ಯೂಯಾರ್ಕ್ ನಿಕ್ಸ್ ಪರ ವೃತ್ತಿಪರ ಲೀಗ್ ಎನ್‌ಬಿಎಯ ಎರಡು ಪ್ರಶಸ್ತಿ ಗೆದ್ದು, ಡಾಕ್ಟರೇಟ್ ಕೂಡ ಪಡೆದವರು, ತಮ್ಮ ಹಳೆಯ ತಂಡಕ್ಕಾಗಿ ವರ್ಷಗಟ್ಟಲೆ ಬಾಗಿಲು ಬಡಿದರು. ಸ್ವತಃ ಅವರಿಗೆ ಹಾಲ್ ಆಫ್ ಫೇಮ್ ಸಿಕ್ಕಿದ್ದು 2024ರಲ್ಲಿ. 2025ರ ಏಪ್ರಿಲ್‌ನಲ್ಲಿ 88ನೇ ವಯಸ್ಸಿಗೆ ತೀರಿಕೊಂಡರು.

ಐಯೋವಾ ಸ್ಟೇಟ್‌ನ ಜ್ಯಾಕ್ ಟ್ರೈಸ್ ಆ ಕಾಲೇಜಿನ ಮೊದಲ ಕಪ್ಪು ಆಟಗಾರ. 1923ರ ಅಕ್ಟೋಬರ್ 6ರಂದು ಮಿನ್ನೆಸೋಟ ವಿರುದ್ಧ ಫುಟ್‌ಬಾಲ್ ಆಡುವಾಗ ತುಳಿತಕ್ಕೆ ಸಿಕ್ಕಿ ಎರಡು ದಿನದಲ್ಲಿ ಸತ್ತರು. ಪಂದ್ಯದ ಹಿಂದಿನ ರಾತ್ರಿ ಅವರು ಬರೆದ ಚೀಟಿ ಕೋಟಿನಲ್ಲಿ ಸಿಕ್ಕಿತು. ತನ್ನ ಜನಾಂಗದ, ಮನೆಯವರ, ತನ್ನ ಮರ್ಯಾದೆ ಇದರಲ್ಲಿದೆ ಅಂತ ಬರೆದಿದ್ದರು. 1970ರ ದಶಕದಿಂದ ವಿದ್ಯಾರ್ಥಿಗಳು ಸ್ಟೇಡಿಯಂಗೆ ಅವರ ಹೆಸರಿಡಿ ಅಂತ ಹಟ ಹಿಡಿದರು. ಮೊದಲು ಮೈದಾನಕ್ಕೆ ಮಾತ್ರ ಹೆಸರು ಬಂತು, ಇಡೀ ಸ್ಟೇಡಿಯಂಗೆ ಬಂದದ್ದು 1997ರಲ್ಲಿ, ಮರಣೋತ್ತರ ಪದವಿ 2022ರಲ್ಲಿ. ವ್ಯೋಮಿಂಗ್‌ನಲ್ಲಿ 1969ರಲ್ಲಿ 14 ಕಪ್ಪು ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳುತ್ತೇವೆ ಎಂದು ಕೇಳಲು ಹೋದರು, ಕೋಚ್ ಅವರನ್ನು ಅಲ್ಲೇ ತಂಡದಿಂದ ಹೊರಗೆ ಹಾಕಿದರು. ಎದುರಾಳಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ, ಅದನ್ನು ನಡೆಸುವ ಚರ್ಚ್ ಆಗ ಕಪ್ಪು ಜನರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ, ಪ್ರತಿಭಟನೆ ಅದಕ್ಕೆ. ಐವತ್ತು ವರ್ಷ ಕಳೆದು 2019ರಲ್ಲಿ ವಿಶ್ವವಿದ್ಯಾಲಯ ಲಿಖಿತವಾಗಿ ಕ್ಷಮೆ ಕೇಳಿತು. ಕಾಲೇಜಿನ ಗುರುತಿನ ಜಾಕೆಟ್ ತೊಡಿಸಿತು. ಈ ಎರಡರಲ್ಲೂ ನನಗೆ ಮುಖ್ಯವಾಗಿ ಕಾಣುವುದು ಪದವಿ ಮತ್ತು ಕ್ಷಮಾಪತ್ರ. ಹೆಸರಿಡುವುದು ಸುಲಭ, ತಪ್ಪು ನಮ್ಮದು ಅಂತ ಕಾಗದದ ಮೇಲೆ ಬರೆದು ಸಹಿ ಹಾಕುವುದು ಕಷ್ಟ.

ಹೆಣ್ಣುಮಕ್ಕಳ ದಾಖಲೆಗಳದ್ದು ಇನ್ನೊಂದು ಥರದ ಅನ್ಯಾಯ. 1970ರ ದಶಕದಲ್ಲಿ ಕಾಲೇಜು ಮಹಿಳಾ ಕ್ರೀಡೆಯನ್ನು ನಡೆಸುತ್ತಿದ್ದದ್ದು ಎಐಎಡಬ್ಲ್ಯು ಅನ್ನುವ ಬೇರೆ ಸಂಸ್ಥೆ. 1980ರ ದಶಕದ ಶುರುವಿನಲ್ಲಿ ಎನ್‌ಸಿಎಎ ಮಹಿಳಾ ಕ್ರೀಡೆಗೆ ಕೈ ಹಾಕಿತು, ಆ ಸಂಸ್ಥೆ ಮುಚ್ಚಿಹೋಯಿತು, ಅದರ ಕಾಲದ ಅಂಕಗಳು ಎನ್‌ಸಿಎಎ ಪುಸ್ತಕಕ್ಕೆ ಬರಲಿಲ್ಲ. 2024ರ ಫೆಬ್ರವರಿ 15ರಂದು ಐಯೋವಾದ ಕೇಟ್ಲಿನ್ ಕ್ಲಾರ್ಕ್ ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎನ್‌ಸಿಎಎಯ 3,527 ಅಂಕಗಳ ದಾಖಲೆ ಮುರಿದಾಗ ದೇಶವೇ ಕುಣಿಯಿತು. ಆದರೆ ಕ್ಯಾನ್ಸಸ್‌ನ ಲಿನೆಟ್ ವುಡಾರ್ಡ್ 1981ರಲ್ಲೇ 3,649 ಅಂಕ ಗಳಿಸಿ ಮುಗಿಸಿದ್ದರು. ಸಣ್ಣ ಕಾಲೇಜಿನ ಪರ್ಲ್ ಮೂರ್ ಅವರದ್ದು 4,061! ಕ್ಲಾರ್ಕ್ ಅದೇ ತಿಂಗಳ ಕೊನೆಯಲ್ಲಿ ವುಡಾರ್ಡ್ ಅವರನ್ನೂ ದಾಟಿದರು. ಮಾರ್ಚ್ 3ರ ಪಂದ್ಯಕ್ಕೆ ವುಡಾರ್ಡ್ ಬಂದಿದ್ದರು, ಜನ ಚಪ್ಪಾಳೆ ತಟ್ಟಿದರು. ಆ ವಾರಗಳಲ್ಲಿ ಎಷ್ಟೋ ಹೊಸ ಹುಡುಗಿಯರಿಗೆ ವುಡಾರ್ಡ್ ಹೆಸರು ಮೊದಲ ಸಲ ಗೊತ್ತಾಯಿತು. ಒಲಿಂಪಿಕ್ ಚಿನ್ನ ಗೆದ್ದವರ ಅಂಕವೇ ಅಧಿಕೃತ ಪುಸ್ತಕದಲ್ಲಿ ಇಲ್ಲ ಅಂದಮೇಲೆ ಬೇರೆ ಸನ್ಮಾನ ಯಾಕೆ ಬೇಕು? ಮೊದಲು ಪುಸ್ತಕ ಸರಿ ಮಾಡಬೇಕು. ಹೌಸ್ ಒಪ್ಪಂದದ ಪರಿಹಾರದಲ್ಲೂ ದೊಡ್ಡ ಪಾಲು ಗಂಡು ಮಕ್ಕಳ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೇ ಹೋಗುತ್ತದೆ. ಶಿಕ್ಷಣ ಸಂಸ್ಥೆಗಳಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅನ್ನುವ 1972ರ ಟೈಟಲ್ ನೈನ್ ಕಾನೂನಿಗೆ ಇದು ವಿರುದ್ಧ ಅಂತ ಕೆಲವು ಆಟಗಾರ್ತಿಯರು ಒಪ್ಪಿಗೆ ಸಿಕ್ಕ ಕೂಡಲೇ ಮೇಲ್ಮನವಿ ಹಾಕಿದರು.

ರೆಜಿ ಬುಷ್ ಅವರನ್ನು ಇಲ್ಲಿ ನೆನೆಯಲೇಬೇಕು. 2005ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವ ಹೈಸ್ಮನ್ ಟ್ರೋಫಿ ಗೆದ್ದರು. ಓದುವಾಗ ಹೊರಗಿನವರಿಂದ ದುಡ್ಡು, ಸೌಲಭ್ಯ ಪಡೆದರು ಅಂತ ಆರೋಪ ಬಂದು 2010ರಲ್ಲಿ ಟ್ರೋಫಿ ಕೈಬಿಡಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಅದನ್ನು ವಾಪಸ್ ಕೊಟ್ಟರು. ಕಾಲೇಜು ಕ್ರೀಡೆ ಈಗ ಬದಲಾಗಿದೆ ಅನ್ನುವುದು ಕಾರಣ. ಅಂದರೆ ಹಳೆಯ ನಿಯಮ ನ್ಯಾಯವಾಗಿರಲಿಲ್ಲ ಅಂತ ಟ್ರೋಫಿ ವಿಷಯದಲ್ಲಿ ಒಪ್ಪಿದಂತಾಯಿತು. ಅದೇ ನಿಯಮದಿಂದ ಕಳೆದುಹೋದ ದುಡಿಮೆಯ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ.

ನಮ್ಮ ಕಡೆಯವರಿಗೂ ಇದರಲ್ಲಿ ಒಂದು ನೇರ ಸಂಬಂಧ ಇದೆ. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದ ಪರ 2007, 2008ರಲ್ಲಿ ಎನ್‌ಸಿಎಎ ಟೆನಿಸ್ ಸಿಂಗಲ್ಸ್ ಗೆದ್ದರು. ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್ ಪರ ಎತ್ತರ ಜಿಗಿತದಲ್ಲಿ 2018, 2022ರಲ್ಲಿ ಗೆದ್ದರು. ಬೆಂಗಳೂರಿನಿಂದಲೂ ಟೆನಿಸ್, ಈಜು, ಗಾಲ್ಫ್ ಸ್ಕಾಲರ್‌ಶಿಪ್ ಹುಡುಕಿಕೊಂಡು ಮಕ್ಕಳು ಹೋಗುತ್ತಾರೆ. ಇವರಲ್ಲಿ ಬಹುತೇಕರು ಇರುವುದು ಎಫ್-1 ವಿದ್ಯಾರ್ಥಿ ವೀಸಾ ಮೇಲೆ. ಆ ವೀಸಾದಲ್ಲಿ ಕೆಲಸ ಮಾಡಲು ಬಿಗಿ ನಿರ್ಬಂಧ ಇದೆ, ಹಾಗಾಗಿ ಹೊಸದಾಗಿ ಬಂದ ಜಾಹೀರಾತಿನ ದುಡ್ಡು, ಕಾಲೇಜು ಕೊಡುವ ಪಾಲು ತಗೊಳ್ಳುವುದು ಅವರಿಗೆ ಸುಲಭವಲ್ಲ. ತಗೊಂಡರೆ ವೀಸಾಕ್ಕೇ ಕುತ್ತು ಬರಬಹುದು. ಪಕ್ಕದ ಲಾಕರಿನ ಅಮೆರಿಕದ ಹುಡುಗನಿಗೆ ದುಡ್ಡು, ಇವರಿಗೆ ಹಳೆ ಕಾಲದ ಹಾಗೆ ಸ್ಕಾಲರ್‌ಶಿಪ್ ಮತ್ತು ಪದಕ. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಸಹಿ ಹಾಕುವ ಮುಂಚೆ ವೀಸಾ ಬಲ್ಲ ವಕೀಲರ ಹತ್ತಿರ ಕೂತು ಕೇಳಿಕೊಳ್ಳುವುದು ಒಳ್ಳೆಯದು.

ಈಗ ಏನು ಮಾಡಬಹುದು? 2016ಕ್ಕಿಂತ ಹಿಂದಿನವರಿಗೆ ಕೋರ್ಟಿನಿಂದ ದುಡ್ಡು ಬರುವ ದಾರಿ ಕಿರಿದಾಗುತ್ತಿದೆ. ಆದರೆ ಕಾಲೇಜು ಮನಸ್ಸು ಮಾಡಿದರೆ ಕೋರ್ಟಿನ ಆದೇಶ ಬೇಕಿಲ್ಲ. 2024ರ ಆಗಸ್ಟ್‌ನಿಂದ ಡಿವಿಷನ್ ಒನ್ ಅನ್ನುವ ಮೇಲಿನ ವರ್ಗದ ಕಾಲೇಜುಗಳು ಆಟದಲ್ಲಿ ಆದ ಗಾಯಕ್ಕೆ ಆಟಗಾರ ಕಾಲೇಜು ಬಿಟ್ಟ ಮೇಲೂ ಕನಿಷ್ಠ ಎರಡು ವರ್ಷ ಚಿಕಿತ್ಸೆ ವೆಚ್ಚ ನೋಡಿಕೊಳ್ಳಬೇಕು ಅಂತ ನಿಯಮ ಬಂದಿದೆ. ಸ್ಕಾಲರ್‌ಶಿಪ್‌ನಲ್ಲಿದ್ದು ಅರ್ಧಕ್ಕೆ ಬಿಟ್ಟವರು ಹತ್ತು ವರ್ಷದೊಳಗೆ ವಾಪಸ್ ಬಂದು ಪದವಿ ಮುಗಿಸಲೂ ನೆರವು ಇದೆ. ಈ ಎರಡನ್ನೂ ಹಳೆಯವರಿಗೆ ವಿಸ್ತರಿಸಲಿ. ಮಂಡಿ, ಸೊಂಟ, ತಲೆ ಪೆಟ್ಟಿನ ತೊಂದರೆ ಕಾಣಿಸಿಕೊಳ್ಳುವುದು ಎಷ್ಟೋ ಸಲ ಐವತ್ತು ಅರವತ್ತು ದಾಟಿದ ಮೇಲೆ, ಎರಡು ವರ್ಷದೊಳಗೆ ಅಲ್ಲ. ಹಳೆ ಪಂದ್ಯದ ದೃಶ್ಯ ಜಾಹೀರಾತಿಗೆ ಹೋದಾಗ ಆ ಆಟಗಾರರಿಗೆ, ಅವರಿಲ್ಲದಿದ್ದರೆ ಮನೆಯವರಿಗೆ, ಒಂದು ಪಾಲು ಕೊಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಹಾಲ್ ಆಫ್ ಫೇಮ್ ಸಮಿತಿಗಳ ಹತ್ತಿರ ಹಳೆಯ ಆಟಗಾರರ ಹೆಸರು, ವಿಳಾಸ, ಫೋನ್ ಎಲ್ಲ ಇರುತ್ತದೆ, ಯಾಕೆಂದರೆ ಊಟದ ಟಿಕೆಟ್ ಮಾರಲು, ದೇಣಿಗೆ ಕೇಳಲು ಅದೇ ಪಟ್ಟಿ ಬೇಕು. ಹೆಸರು ಆರಿಸಲು ಕೂರುವ ಮುಂಚೆ ಒಂದು ಸಲ ಆ ಪಟ್ಟಿ ಹಿಡಿದು ಎಲ್ಲರಿಗೂ ಫೋನ್ ಮಾಡಿ, ಮಂಡಿ ಹೇಗಿದೆ, ವಿಮೆ ಇದೆಯಾ, ಪದವಿ ಮುಗಿಯಿತಾ ಅಂತ ಕೇಳಿ ಬರೆದುಕೊಳ್ಳಲು ಕಚೇರಿಯಲ್ಲಿ ಒಬ್ಬರನ್ನು ಕೂರಿಸಲಿ.